ಮರದ ಮುಂದೆ ಅಪ್ಪಣೆ ಕೇಳುವ ಜನ: ಗುವಾಮ್ ದ್ವೀಪದ ಚಮೋರೊ ನಂಬಿಕೆಗಳಿಂದ ಕೃಷಿಕರಿಗೆ ಒಂದು ಪಾಠ



ಉಡುಪಿಯಿಂದ ನೇರವಾಗಿ ಪೂರ್ವಕ್ಕೆ ಸಮುದ್ರ, ನೆಲ, ಮತ್ತೆ ಸಮುದ್ರ ದಾಟಿ ಏಳು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹೋದರೆ ಪೆಸಿಫಿಕ್ ಮಹಾಸಾಗರದ ಪಶ್ಚಿಮ ಭಾಗದಲ್ಲಿ ಗುವಾಮ್ ಎಂಬ ದ್ವೀಪ ಸಿಗುತ್ತದೆ. ನಮ್ಮ ಕರಾವಳಿಯಂತೆ ಅದೂ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿಯೂ ತೆಂಗು ಬೆಳೆಯುತ್ತದೆ, ಜೀಗುಜ್ಜೆ ಬೆಳೆಯುತ್ತದೆ, ಬಿಳಲು ಬಿಡುವ ದೊಡ್ಡ ಮರಗಳಿವೆ. ಆ ಮರಗಳಲ್ಲಿ ಹಿರಿಯರ ಆತ್ಮಗಳು ನೆಲೆಸಿವೆ ಎಂದು ಅಲ್ಲಿನ ಮೂಲನಿವಾಸಿಗಳಾದ ಚಮೋರೊ ಜನ ನಂಬುತ್ತಾರೆ.

ಇಂತಹ ನಂಬಿಕೆಗಳನ್ನು ಕೇಳಿದಾಗ ನಮ್ಮಲ್ಲಿ ಎರಡು ಬಗೆಯ ಮಾತು ಬರುವುದುಂಟು. ಕೆಲವರು ಇದೆಲ್ಲ ಮೌಢ್ಯವೆಂದು ತಳ್ಳಿಹಾಕುತ್ತಾರೆ. ಇನ್ನು ಕೆಲವರು ಹಿರಿಯರು ಹೇಳಿದ್ದೆಲ್ಲವೂ ಸರಿ ಎಂದುಬಿಡುತ್ತಾರೆ. ಗುವಾಮಿನ ಅನುಭವವನ್ನು ಸಾವಧಾನವಾಗಿ ನೋಡಿದರೆ ಈ ಎರಡೂ ಮಾತು ಸಾಲದು ಎಂಬುದು ತಿಳಿಯುತ್ತದೆ.

ದ್ವೀಪ ಮತ್ತು ಜನ

ಗುವಾಮ್ ಚಿಕ್ಕ ದ್ವೀಪ. ಉದ್ದ ಸುಮಾರು 48 ಕಿಲೋಮೀಟರ್. ವಿಸ್ತೀರ್ಣ ಸುಮಾರು 540 ಚದರ ಕಿಲೋಮೀಟರ್. ಉತ್ತರ ಭಾಗ ಸುಣ್ಣಕಲ್ಲಿನ ಎತ್ತರದ ಬಯಲು. ಅಲ್ಲಿ ಬಿದ್ದ ಮಳೆ ನೀರು ಕಲ್ಲಿನೊಳಗೆ ಇಂಗಿ ಹೋಗುತ್ತದೆ. ದಕ್ಷಿಣ ಭಾಗ ಅಗ್ನಿಪರ್ವತದಿಂದಾದ ಬೆಟ್ಟಗಳ ನಾಡು. ಅಲ್ಲಿ ಹೊಳೆಗಳು ಹರಿಯುತ್ತವೆ.

ಚಮೋರೊ ಜನರ ಪೂರ್ವಿಕರು ಸುಮಾರು 3,500 ವರ್ಷಗಳ ಹಿಂದೆ ದೋಣಿಗಳಲ್ಲಿ ಈ ದ್ವೀಪಸಾಲಿಗೆ ಬಂದರು. ಬರುವಾಗ ಭತ್ತವನ್ನೂ ತಂದರು ಎಂಬುದು ವಿಶೇಷ. ಗುವಾಮಿನ ಉತ್ತರ ತುದಿಯಲ್ಲಿರುವ ರಿಟಿಡಿಯನ್ ಎಂಬಲ್ಲಿಯ ಗುಹೆಯಲ್ಲಿ ಅಷ್ಟು ಹಳೆಯ ಭತ್ತದ ಕುರುಹು ಮಡಕೆಯ ಚೂರುಗಳ ಮೇಲೆ ದೊರೆತಿರುವುದನ್ನು 2025ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ದಿನದ ಊಟಕ್ಕಿಂತ ವಿಧಿ ಆಚರಣೆಗಳಿಗಾಗಿ ಅಕ್ಕಿಯನ್ನು ಬಳಸುತ್ತಿದ್ದಿರಬೇಕೆಂದು ಅವರ ಅಭಿಪ್ರಾಯ. ನಿತ್ಯದ ಹೊಟ್ಟೆ ತುಂಬಿಸಿದ್ದು ತೆಂಗು, ಗೆಡ್ಡೆಗಳು, ಮೀನು ಮತ್ತು 'ಲೆಮ್ಮಾಯ್' ಎಂದು ಅವರು ಕರೆಯುವ ಜೀಗುಜ್ಜೆ. ಜೀಗುಜ್ಜೆ ನಮ್ಮ ಹಲಸಿನ ಹತ್ತಿರದ ಬಂಧು ಎಂಬುದು ಕರಾವಳಿಯ ರೈತರಿಗೆ ಗೊತ್ತೇ ಇದೆ.

1521ರಲ್ಲಿ ಮೆಗೆಲ್ಲನ್ನನ ಹಡಗುಗಳು ಅಲ್ಲಿಗೆ ಬಂದವು. 1668ರಲ್ಲಿ ಸ್ಪೇನಿನ ಪಾದ್ರಿಗಳೂ ಸೈನಿಕರೂ ಬಂದು ನೆಲೆಯೂರಿದರು. 1898ರಲ್ಲಿ ದ್ವೀಪ ಅಮೆರಿಕದ ವಶವಾಯಿತು. 1941ರ ಡಿಸೆಂಬರಿನಿಂದ 1944ರವರೆಗೆ ಜಪಾನೀಯರು ಆಳಿದರು. ಯುದ್ಧದ ನಂತರ ಅದು ಅಮೆರಿಕದ ದೊಡ್ಡ ಸೈನಿಕ ನೆಲೆಯಾಯಿತು. ಇಂದು ಚಮೋರೊ ಜನರಲ್ಲಿ ಹೆಚ್ಚಿನವರು ಕ್ಯಾಥೊಲಿಕರು. ಆದರೂ ಕಾಡು, ಮರ, ಹಕ್ಕಿಗಳ ಬಗೆಗಿನ ಹಳೆಯ ನಂಬಿಕೆಗಳು ಉಳಿದುಕೊಂಡಿವೆ.

ನುನು ಮರ ಮತ್ತು ಹಿರಿಯರ ಅಪ್ಪಣೆ

ನಮ್ಮ ಆಲದ ಕುಲಕ್ಕೆ ಸೇರಿದ, ಬಿಳಲುಗಳಿಂದ ಹರಡಿಕೊಳ್ಳುವ ಮರವನ್ನು ಚಮೋರೊ ಜನ 'ನುನು' ಎನ್ನುತ್ತಾರೆ. 'ತಾವೊತಾವೊಮೊನ' ಎಂದರೆ ಹಿಂದಿನ ಕಾಲದ ಜನ. ಈ ಪೂರ್ವಿಕರ ಆತ್ಮಗಳು ನುನು ಮರಗಳಲ್ಲಿ, ದಟ್ಟ ಕಾಡಿನಲ್ಲಿ ಮತ್ತು ಹಳೆಯ ಮನೆಗಳ ಆಧಾರವಾಗಿದ್ದ 'ಲಾಟೆ' ಎಂಬ ಕಲ್ಲು ಕಂಬಗಳ ಬಳಿ ವಾಸಿಸುತ್ತವೆ ಎಂಬುದು ನಂಬಿಕೆ.

ಆದ್ದರಿಂದ ಕಾಡಿಗೆ ಕಾಲಿಡುವ ಮೊದಲು ಅಜ್ಜಿ ಅಜ್ಜ ಎಂದು ಸಂಬೋಧಿಸಿ ಅಪ್ಪಣೆ ಕೇಳಬೇಕು. ಕಾಡಿನಲ್ಲಿ ಗದ್ದಲ ಮಾಡಬಾರದು. ಕೇಳದೆ ಏನನ್ನೂ ಕೀಳಬಾರದು, ಮೂತ್ರ ಮಾಡಬಾರದು. ತಪ್ಪಿದರೆ ಮೈ ಬಾವು ಬರುತ್ತದೆ, ಕಾರಣವಿಲ್ಲದೆ ಮೈಮೇಲೆ ಕಲೆ ಮೂಡುತ್ತದೆ, ಜ್ವರ ಬರುತ್ತದೆ ಎನ್ನುತ್ತಾರೆ. ಅಂತಹ ಕಾಯಿಲೆಗೆ ನಾಟಿ ವೈದ್ಯರ ಬಳಿ ಹೋಗುತ್ತಾರೆ. ವೈದ್ಯ ಗಂಡಸಾದರೆ 'ಸುರುಹಾನು', ಹೆಂಗಸಾದರೆ 'ಸುರುಹಾನ'. ಇವರೂ ಔಷಧಿಯ ಸೊಪ್ಪು ಬೇರು ತರುವಾಗ ಅಪ್ಪಣೆ ಕೇಳಿಯೇ, ಬೇಕಾದಷ್ಟನ್ನು ಮಾತ್ರ ತರುತ್ತಾರೆ.

ಕೊಡಗಿನ ದೇವರಕಾಡು, ತುಳುನಾಡಿನ ನಾಗಬನಗಳನ್ನು ಕಂಡವರಿಗೆ ಇದು ಹೊಸತೆನಿಸದು. ಮರದಲ್ಲಿ ಆತ್ಮವಿದೆಯೇ ಇಲ್ಲವೇ ಎಂಬ ಚರ್ಚೆಯನ್ನು ಬದಿಗಿಟ್ಟು, ಈ ನಿಯಮ ಮಾಡುವ ಕೆಲಸವೇನು ಎಂದು ಕೇಳಿಕೊಳ್ಳಿ. ಕತ್ತಿ ಎತ್ತುವ ಮೊದಲು ಮನುಷ್ಯ ಒಂದು ಕ್ಷಣ ನಿಲ್ಲುತ್ತಾನೆ. ಬೇಕೇ ಬೇಡವೇ ಎಂದು ಯೋಚಿಸುತ್ತಾನೆ. ನುನು ಮರದ ಹಣ್ಣು ಹಕ್ಕಿ ಬಾವಲಿಗಳಿಗೆ ಆಹಾರ. ಅಂತಹ ಮರದ ಮೇಲೆ ಕೈ ಎತ್ತಲು ಜನ ಹಿಂಜರಿದರೆ ಅದನ್ನು ಅವಲಂಬಿಸಿದ ಜೀವಗಳಿಗೂ ನೆಲೆ ಉಳಿಯುತ್ತದೆ.

ಫದಾಂಗ್: ವಿಷ ಕಳೆದು ಉಣ್ಣುವ ವಿದ್ಯೆ

ಗುವಾಮಿನ ಕಾಡಿನಲ್ಲಿ 'ಫದಾಂಗ್' ಎಂಬ ಸೈಕಾಸ್ ಜಾತಿಯ ಗಿಡವಿದೆ. ನೋಡಲು ಸಣ್ಣ ತಾಳೆಯಂತೆ ಕಂಡರೂ ಅದು ತಾಳೆಯಲ್ಲ. ನಮ್ಮ ಪಶ್ಚಿಮ ಘಟ್ಟದಲ್ಲೂ ಇದರ ಬಂಧುವೊಂದು ಬೆಳೆಯುತ್ತದೆ. ಹಿಂದೆ ಎರಡೂ ಒಂದೇ ಎಂದು ಸಸ್ಯಶಾಸ್ತ್ರಜ್ಞರು ತಿಳಿದಿದ್ದರು. 1994ರಲ್ಲಿ ಗುವಾಮಿನದನ್ನು ಬೇರೆ ಜಾತಿಯೆಂದು ಗುರುತಿಸಲಾಯಿತು.

ಫದಾಂಗಿನ ಬೀಜದಲ್ಲಿ ಪಿಷ್ಟ ಹೇರಳವಾಗಿದೆ. ಹಾಗೆಯೇ ವಿಷವೂ ಇದೆ. ಚಮೋರೊ ಮನೆಗಳಲ್ಲಿ ಬೀಜದ ತಿರುಳನ್ನು ಹೆಚ್ಚಿ, ನೀರಿನಲ್ಲಿ ನೆನೆಹಾಕಿ, ಹಲವು ದಿನ ನೀರು ಬದಲಾಯಿಸುತ್ತಾ ವಿಷವನ್ನು ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಬೀಸಿ ಹಿಟ್ಟು ಮಾಡಿ ರೊಟ್ಟಿ ತಟ್ಟುತ್ತಿದ್ದರು. ಚಂಡಮಾರುತ ಬಂದು ಬೆಳೆ ನೆಲಕಚ್ಚಿದಾಗ ಮತ್ತು ಯುದ್ಧಕಾಲದಲ್ಲಿ ಈ ಹಿಟ್ಟು ಜನರ ಜೀವ ಉಳಿಸಿತು.

ಇದರ ಇನ್ನೊಂದು ಮುಖವನ್ನೂ ತಿಳಿಯಬೇಕು. 1950ರ ದಶಕದಲ್ಲಿ ಗುವಾಮಿನಲ್ಲಿ, ಅದರಲ್ಲೂ ದಕ್ಷಿಣದ ಉಮಾಟಕ್ ಗ್ರಾಮದಲ್ಲಿ, ಸ್ನಾಯುಗಳು ಸೊರಗುವ, ಕೈಕಾಲು ನಡುಗುವ, ನೆನಪು ಕುಂದುವ ಕಾಯಿಲೆಯೊಂದು ಬಹಳವಾಗಿ ಕಂಡುಬಂತು. ಜನ ಅದನ್ನು 'ಲಿಟಿಕೊ ಬೊಡಿಗ್' ಎಂದರು. ಇಂತಹ ಸ್ನಾಯುರೋಗದ ಪ್ರಮಾಣ ಅಲ್ಲಿ ಬೇರೆಡೆಗಿಂತ 50ರಿಂದ 100 ಪಟ್ಟು ಹೆಚ್ಚಿತ್ತು. ಫದಾಂಗ್ ಹಿಟ್ಟಿನ ಮೇಲೆ ಅನುಮಾನ ಬಂತು. 2002ರಲ್ಲಿ ಇಬ್ಬರು ಸಂಶೋಧಕರು, ಫದಾಂಗ್ ಬೀಜ ತಿನ್ನುವ ಬಾವಲಿಯ ಮೈಯಲ್ಲಿ ವಿಷ ಶೇಖರವಾಗಿ ಬಾವಲಿ ತಿಂದ ಜನರಿಗೆ ಸೇರಿರಬಹುದು ಎಂಬ ವಾದವನ್ನು ಮುಂದಿಟ್ಟರು. ವಿಜ್ಞಾನಿಗಳಲ್ಲಿ ಈ ವಿಷಯ ಇನ್ನೂ ತೀರ್ಮಾನವಾಗಿಲ್ಲ. ರೋಗ ಮಾತ್ರ ಮುಂದಿನ ದಶಕಗಳಲ್ಲಿ ಬಹಳ ಕಡಿಮೆಯಾಯಿತು. ಹಿರಿಯರ ಪದ್ಧತಿಯೊಂದು ತಲೆಮಾರುಗಳಿಂದ ನಡೆದು ಬಂದಿದೆ ಎಂಬುದೇ ಅದು ಸುರಕ್ಷಿತವೆಂಬುದಕ್ಕೆ ಪೂರ್ಣ ಸಾಕ್ಷಿಯಾಗದು. ಇದನ್ನು ನೆನಪಿಡಿ.

ಕೊಕೊ ಹಕ್ಕಿ, ಉಡ ಮತ್ತು ಬಾವಲಿ

ಚಮೋರೊ ಮಕ್ಕಳಿಗೆ ಹೇಳುವ ಕಥೆಯೊಂದಿದೆ. 'ಕೊಕೊ' ನಮ್ಮ ಹುಂಡುಕೋಳಿಯ ಕುಟುಂಬದ ಹಕ್ಕಿ. ಹೆಚ್ಚು ಹಾರಲಾರದು, ನೆಲದ ಮೇಲೆ ಓಡಾಡುತ್ತದೆ. 'ಹಿಲಿಟಾಯ್' ಎಂದರೆ ಉಡ. ಒಮ್ಮೆ ಇಬ್ಬರೂ ಒಬ್ಬರ ಮೈಗೆ ಒಬ್ಬರು ಬಣ್ಣ ಬಳಿಯಲು ಒಪ್ಪಿಕೊಂಡರಂತೆ. ಕೊಕೊ ಶ್ರದ್ಧೆಯಿಂದ ಉಡದ ಮೈತುಂಬ ಹಳದಿ ಚುಕ್ಕೆ ಇಟ್ಟಿತು. ತನ್ನ ಸರದಿ ಬಂದಾಗ ಉಡ ನಾಲ್ಕು ಬಿಳಿ ಗೆರೆ ಎಳೆದು ಕೆಲಸ ಬಿಟ್ಟಿತು. ಸಿಟ್ಟಾದ ಕೊಕೊ ಉಡದ ನಾಲಿಗೆಯನ್ನು ಕುಕ್ಕಿ ಸೀಳಿತು. ಅಂದಿನಿಂದ ಉಡದ ನಾಲಿಗೆ ಎರಡಾಯಿತು. ಉಡ ಕೊಕೊ ಹಕ್ಕಿಯ ಮೊಟ್ಟೆ ಕದಿಯತೊಡಗಿತು.

ಕಥೆ ಚಿಕ್ಕದಾದರೂ ಅದರಲ್ಲಿ ಪಾಠವಿದೆ. ಕೊಕೊ ನೆಲದ ಮೇಲೆ ಗೂಡು ಮಾಡುತ್ತದೆ, ಅದರ ಶತ್ರು ಉಡ, ಉಡದ ಗುರುತು ಹಳದಿ ಚುಕ್ಕೆ ಮತ್ತು ಸೀಳು ನಾಲಿಗೆ ಎಂಬಿಷ್ಟನ್ನೂ ಮಗು ಕಲಿಯುತ್ತದೆ. ಎಲ್ಲ ನಂಬಿಕೆಗಳಲ್ಲೂ ಇಂತಹ ತಿರುಳಿಲ್ಲ. 'ಉಟಕ್' ಎಂಬ ಬಿಳಿಯ ಕಡಲಹಕ್ಕಿ ಮನೆಯ ಮೇಲೆ ಕಿರುಚಿದರೆ ಮನೆಯಲ್ಲಿ ಸಾವು ಬರುತ್ತದೆ, ಇಲ್ಲವೇ ಮದುವೆಯಾಗದ ಹುಡುಗಿ ಬಸುರಿಯಾಗಿದ್ದಾಳೆ ಎಂದು ನಂಬಿದ್ದರು. ಇದರಿಂದ ಹಕ್ಕಿಯ ಬಗ್ಗೆಯಾಗಲಿ ಹುಡುಗಿಯ ಬಗ್ಗೆಯಾಗಲಿ ತಿಳಿಯುವುದು ಏನೂ ಇಲ್ಲ.

ಬಾವಲಿಯ ಸಂಗತಿ ಬೇರೆ. 'ಫನಿಹಿ' ಎಂಬ ಹಣ್ಣು ಬಾವಲಿಯ ಮಾಂಸ ಚಮೋರೊ ಹಬ್ಬದೂಟದಲ್ಲಿ ಗೌರವದ ಅಡಿಗೆ. ಬಲೆಯ ಕಾಲದಲ್ಲಿ ಅದು ನಡೆಯಿತು. ಬಂದೂಕು ಬಂದ ಮೇಲೆ ಬಾವಲಿ ಉಳಿಯಲಿಲ್ಲ. ಫನಿಹಿಯ ಚಿಕ್ಕ ಜಾತಿಯೊಂದು 1968ರ ನಂತರ ಕಂಡೇ ಇಲ್ಲ. ದೊಡ್ಡ ಜಾತಿಯೂ ಗುವಾಮಿನಲ್ಲಿ ಬಹಳ ವಿರಳವಾಗಿದೆ. ಸ್ಥಳೀಯ ಬಾವಲಿ ಸಾಲದೆ ಬೇರೆ ದ್ವೀಪಗಳಿಂದ ಸಾವಿರಾರು ಬಾವಲಿಗಳನ್ನು ತರಿಸಿದರು. 1980ರ ದಶಕದ ಕೊನೆಯಲ್ಲಿ ಅಂತಾರಾಷ್ಟ್ರೀಯ ಒಪ್ಪಂದದಿಂದ ಆ ವ್ಯಾಪಾರಕ್ಕೆ ತಡೆ ಬಿತ್ತು. ಹೀಗೆ ಅದೇ ಜನರ ಒಂದು ನಂಬಿಕೆ ಮರವನ್ನು ಕಾಯುವಂಥದು, ಇನ್ನೊಂದು ಪದ್ಧತಿ ಆ ಮರದ ಬೀಜ ಹರಡುವ ಪ್ರಾಣಿಯನ್ನೇ ಮುಗಿಸುವಂಥದು.

ಕಥೆಯಲ್ಲಿ ಇಲ್ಲದ ಹಾವು

ಗುವಾಮಿನ ಕಾಡಿಗೆ ಬಂದ ದೊಡ್ಡ ವಿಪತ್ತು ಯಾವ ಹಳೆಯ ಕಥೆಯಲ್ಲೂ ಇರಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಕೆಲವು ವರ್ಷಗಳಲ್ಲಿ, ನ್ಯೂಗಿನಿಯ ಕಡೆಯಿಂದ ಬಂದ ಸೈನಿಕ ಸಾಮಗ್ರಿಗಳೊಡನೆ ಕಂದು ಮರಹಾವು ದ್ವೀಪ ಸೇರಿತು. ಇದು ನಮ್ಮಲ್ಲಿಯ ಬೆಕ್ಕುಕಣ್ಣಿನ ಹಾವಿನ ಕುಲಕ್ಕೆ ಸೇರಿದ್ದು. ರಾತ್ರಿ ಮರ ಹತ್ತಿ ಹಕ್ಕಿ, ಮರಿ, ಮೊಟ್ಟೆಗಳನ್ನು ನುಂಗುತ್ತದೆ. ಗುವಾಮಿನ ಹಕ್ಕಿಗಳು ಇಂತಹ ಹಾವನ್ನು ಎಂದೂ ಕಂಡಿರಲಿಲ್ಲ. ತಪ್ಪಿಸಿಕೊಳ್ಳುವುದು ಅವಕ್ಕೆ ತಿಳಿದಿರಲಿಲ್ಲ.

1960ರ ದಶಕದಿಂದ ದ್ವೀಪದ ದಕ್ಷಿಣದಲ್ಲಿ ಹಕ್ಕಿಗಳು ಕಾಣೆಯಾದವು. ಆಮೇಲೆ ನಡುನಾಡಿನಲ್ಲಿ, ಕೊನೆಗೆ ಉತ್ತರದಲ್ಲಿ. ಕೀಟನಾಶಕಗಳ ಮೇಲೆ ಅನುಮಾನಪಟ್ಟರು. ರೋಗದ ಮೇಲೆ ಅನುಮಾನಪಟ್ಟರು. ಜೂಲಿ ಸ್ಯಾವಿಜ್ ಎಂಬ ಸಂಶೋಧಕಿ ಇವನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿದರು. ಹಾವು ಹರಡಿದ ದಾರಿಯನ್ನೂ ಹಕ್ಕಿ ಅಳಿದ ದಾರಿಯನ್ನೂ ಹೋಲಿಸಿದಾಗ ಎರಡೂ ಹೊಂದಿಕೊಂಡವು. 1987ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅಷ್ಟರಲ್ಲಿ ಹೊತ್ತು ಮೀರಿತ್ತು. ಗುವಾಮಿನ 12 ಸ್ಥಳೀಯ ಕಾಡುಹಕ್ಕಿಗಳಲ್ಲಿ 10 ಅಲ್ಲಿನ ಕಾಡಿನಿಂದ ಅಳಿದವು.

ಹಕ್ಕಿ ಹೋದರೆ ನಷ್ಟ ಹಕ್ಕಿಯದಷ್ಟೇ ಅಲ್ಲ. ಹಕ್ಕಿಗಳಿಲ್ಲದ ಗುವಾಮಿನ ಕಾಡಿನಲ್ಲಿ ಮಳೆಗಾಲದಲ್ಲಿ ಜೇಡಗಳ ಸಂಖ್ಯೆ ನೆರೆಯ ದ್ವೀಪಗಳಿಗಿಂತ 40 ಪಟ್ಟಿನವರೆಗೂ ಹೆಚ್ಚಿದೆ ಎಂದು 2012ರ ಅಧ್ಯಯನವೊಂದು ತಿಳಿಸಿತು. ಬೀಜ ಹರಡುವವರಿಲ್ಲದೆ ಎರಡು ಜಾತಿಯ ಮರಗಳ ಹೊಸ ಸಸಿಗಳು ಶೇಕಡ 61ರಿಂದ 92ರಷ್ಟು ಕುಸಿದಿವೆ ಎಂದು 2017ರಲ್ಲಿ ಇನ್ನೊಂದು ಅಧ್ಯಯನ ತೋರಿಸಿತು. ನುನು ಮರವನ್ನು ಯಾರೂ ಕಡಿಯದಿದ್ದರೂ, ಅದರ ಬೀಜ ಒಯ್ಯುವ ಹಕ್ಕಿ ಇಲ್ಲದಿದ್ದರೆ ಮುಂದಿನ ನುನು ಎಲ್ಲಿಂದ ಬರಬೇಕು?

ಕೊಕೊ ಹಕ್ಕಿಯ ಕೊನೆಯ ಕೆಲವನ್ನು ಹಿಡಿದು ಸಾಕಿ ಮರಿ ಮಾಡಿಸಿದ್ದರಿಂದ ವಂಶ ಉಳಿಯಿತು. ಪಕ್ಕದ ರೋಟ ದ್ವೀಪದಲ್ಲಿ 1989ರಿಂದ, ಆಗ ಹಾವಿಲ್ಲದಿದ್ದ ಕೋಕೋಸ್ ಎಂಬ ಪುಟ್ಟ ದ್ವೀಪದಲ್ಲಿ 2010ರಲ್ಲಿ ಬಿಟ್ಟರು. 2019ರಲ್ಲಿ ಅದನ್ನು ಕಾಡಿನಲ್ಲಿ ಅಳಿದ ಜಾತಿಗಳ ಪಟ್ಟಿಯಿಂದ ತೆಗೆಯಲಾಯಿತು. 'ಸಿಹೆಕ್' ಎಂಬ ಮಿಂಚುಳ್ಳಿಯನ್ನೂ ಹೀಗೆಯೇ ಸಾಕಿ, 2024ರಲ್ಲಿ ದೂರದ ಪಾಲ್ಮೈರ ದ್ವೀಪದಲ್ಲಿ ಕೆಲವನ್ನು ಬಿಟ್ಟಿದ್ದಾರೆ. ಗುವಾಮಿನಲ್ಲಿ ಹಾವನ್ನು ಹತೋಟಿಗೆ ತರಲು ಬೋನುಗಳನ್ನು ಇಡುತ್ತಾರೆ, ಹಡಗು ವಿಮಾನಗಳ ಸರಕನ್ನು ನಾಯಿಗಳಿಂದ ಮೂಸಿಸುತ್ತಾರೆ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಮಾತ್ರೆ ಈ ಹಾವಿಗೆ ವಿಷ. 80 ಮಿಲಿಗ್ರಾಂ ಮಾತ್ರೆಯನ್ನು ಸತ್ತ ಇಲಿಮರಿಯೊಳಗೆ ಇಟ್ಟು ಕಾಡಿನ ಮೇಲೆ ಉದುರಿಸುತ್ತಾರೆ. ಇಷ್ಟಾದರೂ ಹಾವು ಪೂರ್ಣ ಹೋಗಿಲ್ಲ.

ಶಲ್ಕ ಕೀಟ ಮತ್ತು ಕುರುವಾಯಿ

2002ರ ಗಣತಿಯಲ್ಲಿ ಗುವಾಮಿನ ಕಾಡಿನಲ್ಲಿ ಅತ್ಯಂತ ಹೆಚ್ಚು ಸಂಖ್ಯೆಯಲ್ಲಿದ್ದ ಮರ ಫದಾಂಗ್. 2003ರಲ್ಲಿ ಅಲಂಕಾರದ ಸೈಕಾಸ್ ಗಿಡಗಳ ಮೂಲಕ ಏಷ್ಯದ ಶಲ್ಕ ಕೀಟವೊಂದು ದ್ವೀಪಕ್ಕೆ ಬಂತು. 2006ರ ಹೊತ್ತಿಗೆ ಫದಾಂಗನ್ನು ಅಳಿವಿನ ಅಂಚಿನ ಗಿಡವೆಂದು ಸೇರಿಸಬೇಕಾಯಿತು. ಶಲ್ಕ ಕೀಟ ತಿನ್ನುವ ಗುಲಗಂಜಿ ಹುಳುಗಳನ್ನು ಬಿಟ್ಟರು. ದೊಡ್ಡ ಗಿಡಗಳು ಸ್ವಲ್ಪ ಚೇತರಿಸಿಕೊಂಡವು. ನೆಲಮಟ್ಟದ ಸಸಿಗಳನ್ನು ಆ ಹುಳುಗಳು ಸರಿಯಾಗಿ ಕಾಯಲಿಲ್ಲ. ಶತಮಾನಗಳ ಕಾಲ ಜನ ಬೀಜ ಆರಿಸಿ ತಿಂದರೂ ನಾಶವಾಗದ ಮರ, ಹೂಕುಂಡದ ಜೊತೆ ಬಂದ ಕೀಟದಿಂದ ಈ ಸ್ಥಿತಿಗೆ ಬಂತು.

ತೆಂಗಿನ ಕಥೆಯೂ ಇದೇ. ಊರಿಗೆಲ್ಲ ಪ್ರಿಯಳಾದ ಹುಡುಗಿಯೊಬ್ಬಳು ಬಾಯಾರಿ, ಎಲ್ಲಿಯೂ ಸಿಗದ ಹಣ್ಣಿನ ರಸ ಬೇಡಿ ಸತ್ತಳು, ಅವಳ ಸಮಾಧಿಯ ಮೇಲೆ ಮೊದಲ ತೆಂಗಿನ ಗಿಡ ಹುಟ್ಟಿತು ಎಂದು ಚಮೋರೊ ಜನ ಹೇಳುತ್ತಾರೆ. ಅಂತಹ ತೆಂಗಿಗೆ 2007ರಲ್ಲಿ, ನಮ್ಮ ರೈತರು ಚೆನ್ನಾಗಿ ಬಲ್ಲ ಶತ್ರು ಬಂತು. ಅದೇ ಕುರುವಾಯಿ, ಅಂದರೆ ಸುಳಿ ಕೊರೆಯುವ ಕೊಂಬಿನ ದುಂಬಿ. 2015ರ ಚಂಡಮಾರುತದಲ್ಲಿ ಬಿದ್ದ ಮರಗಳ ಕೊಳೆತ ರಾಶಿಯಲ್ಲಿ ಅದು ವಿಪರೀತ ಹೆಚ್ಚಿತು. 1960ರ ದಶಕದಲ್ಲಿ ಮಲೇಷ್ಯದಲ್ಲಿ ಪತ್ತೆಯಾದ ನಂಜಾಣುವೊಂದು ಬೇರೆ ಪೆಸಿಫಿಕ್ ದ್ವೀಪಗಳಲ್ಲಿ ಈ ದುಂಬಿಯನ್ನು ಹತೋಟಿಯಲ್ಲಿಟ್ಟಿದೆ. ಗುವಾಮಿಗೆ ಬಂದ ತಳಿ ಆ ನಂಜಾಣುವಿಗೆ ಬಗ್ಗಲಿಲ್ಲ. ಈಗ ಈ ದುಂಬಿ ಫದಾಂಗನ್ನೂ ಕೊರೆಯುತ್ತಿದೆ.

ನಮ್ಮಲ್ಲಿ ಈ ದುಂಬಿಗೆ ತಿಪ್ಪೆಯೇ ತವರು. ಗೊಬ್ಬರದ ಗುಂಡಿಯನ್ನು ಆಗಾಗ ತಿರುವಿ ಮರಿಹುಳುಗಳನ್ನು ಆರಿಸಿ ನಾಶಮಾಡಿ. ಗುಂಡಿಗೆ ಮೆಟರೈಜಿಯಮ್ ಎಂಬ ಹಸಿರು ಶಿಲೀಂಧ್ರ ಬೆರೆಸಿ. ಕೊಳೆತ ತೆಂಗಿನ ಬೊಡ್ಡೆಗಳನ್ನು ತೋಟದಲ್ಲಿ ಬಿಡಬೇಡಿ. ಸುಳಿಯಲ್ಲಿ ಸೇರಿಕೊಂಡ ದುಂಬಿಯನ್ನು ಕಬ್ಬಿಣದ ಕೊಕ್ಕೆಯಿಂದ ಎಳೆದು ತೆಗೆಯಿರಿ. ಮೇಲಿನ ಮೂರು ಗರಿಗಳ ಬುಡದ ಸಂದಿಯಲ್ಲಿ 250 ಗ್ರಾಂ ಬೇವಿನ ಹಿಂಡಿಯ ಪುಡಿಯನ್ನು ಅಷ್ಟೇ ಮರಳಿನೊಡನೆ ಬೆರೆಸಿ ವರ್ಷಕ್ಕೆ ಮೂರು ಬಾರಿ ತುಂಬಿರಿ.

ನಾವು ಕಲಿಯಬೇಕಾದದ್ದು

1. ನಂಬಿಕೆಯೊಂದನ್ನು ಕೇಳಿದಾಗ ಅದು ನಿಜವೇ ಸುಳ್ಳೇ ಎನ್ನುವುದರ ಜೊತೆಗೆ, ಅದು ಏನು ಮಾಡಿಸುತ್ತದೆ, ಏನನ್ನು ತಡೆಯುತ್ತದೆ ಎಂದು ನೋಡಿ. ನುನು ಮರದ ಅಪ್ಪಣೆ ಒಳ್ಳೆಯ ಕೆಲಸ ಮಾಡಿಸುತ್ತದೆ. ಉಟಕ್ ಹಕ್ಕಿಯ ಶಕುನ ಹುಡುಗಿಯ ಮೇಲೆ ಅಪವಾದ ಹೊರಿಸುತ್ತದೆ.

2. ಹಿರಿಯರ ವಿದ್ಯೆಯನ್ನು ಅರ್ಧ ಕಲಿಯಬೇಡಿ. ಫದಾಂಗ್ ತಿನ್ನಬಹುದೆಂದು ಮಾತ್ರ ತಿಳಿದು, ತೊಳೆಯುವ ಕ್ರಮ ಮರೆತವನಿಗೆ ಅದು ವಿಷ. ನಿಮ್ಮ ಮನೆಯ ಹಿರಿಯರಿಂದ ಕಾಡುಗೆಡ್ಡೆ, ಸೊಪ್ಪು, ಔಷಧಿಗಳ ಪೂರ್ಣ ಕ್ರಮವನ್ನು ಬರೆದಿಟ್ಟುಕೊಳ್ಳಿ. ಬರೆದದ್ದನ್ನು ತಿಳಿದವರಿಂದ ಪರೀಕ್ಷೆ ಮಾಡಿಸಿ.

3. ಹಳೆಯ ನಿಯಮ ಹಳೆಯ ಅಪಾಯಕ್ಕೆ. ಹೊರಗಿನಿಂದ ಬರುವ ಹೊಸ ಪಿಡುಗಿಗೆ ಹೊಸ ಕಾವಲು ಬೇಕು. 2008ರಲ್ಲಿ ಪಪ್ಪಾಯಿಯ ಹಿಟ್ಟು ತಿಗಣೆ, 2016ರಲ್ಲಿ ತೆಂಗಿನ ಸುರುಳಿ ಬಿಳಿನೊಣ ನಮ್ಮ ದೇಶದಲ್ಲಿ ಕಾಣಿಸಿಕೊಂಡದ್ದನ್ನು ನೆನೆಯಿರಿ. ಹೊರಗಿನಿಂದ ತಂದ ಸಸಿ, ಮಣ್ಣು, ಗೊಬ್ಬರವನ್ನು ಪರೀಕ್ಷಿಸದೆ ತೋಟದೊಳಗೆ ಬಿಡಬೇಡಿ.

4. ನಷ್ಟ ಕಂಡ ಕೂಡಲೇ ಮೊದಲು ತೋಚಿದ ಕಾರಣವನ್ನೇ ಹಿಡಿಯಬೇಡಿ. ಎಲ್ಲಿ ಮೊದಲು ಕಂಡಿತು, ಯಾವ ಕಡೆಗೆ ಹರಡಿತು ಎಂದು ದಿನಾಂಕ ಸಹಿತ ಗುರುತು ಮಾಡಿಕೊಳ್ಳಿ. ಗುವಾಮಿನಲ್ಲಿ ನಿಜವಾದ ಕಳ್ಳ ಸಿಕ್ಕಿದ್ದು ಹೀಗೆಯೇ. ಹೊಸ ಕೀಟ ಕಂಡರೆ ಮಾದರಿಯೊಂದಿಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಡಮಾಡದೆ ತಿಳಿಸಿ.

5. ನಿಮ್ಮೂರಿನ ಬನ, ದೇವರಕಾಡುಗಳ ಮರವನ್ನು ಕಾದರೆ ಸಾಲದು. ಅಲ್ಲಿಗೆ ಬರುವ ಹಕ್ಕಿ, ಬಾವಲಿಗಳನ್ನೂ ಕಾಯಬೇಕು. ಬೀಜ ಒಯ್ಯುವವರು ಹೋದರೆ ದೇವರಕಾಡೂ ಮುದಿಯಾಗುತ್ತದೆ.

ಚಮೋರೊ ಜನ ಇಂದಿಗೂ ಕಾಡಿನ ಅಂಚಿನಲ್ಲಿ ನಿಂತು ಹಿರಿಯರ ಅಪ್ಪಣೆ ಕೇಳುತ್ತಾರೆ. ಹಕ್ಕಿ ಸಾಕುವವರು, ಸರಕಿನಲ್ಲಿ ಹಾವು ಹುಡುಕುವವರು, ತೆಂಗಿನ ದುಂಬಿಯನ್ನು ಅಭ್ಯಸಿಸುವವರು ಅದೇ ದ್ವೀಪದಲ್ಲಿ ತಮ್ಮ ಕೆಲಸ ಮಾಡುತ್ತಿದ್ದಾರೆ. ಎರಡಕ್ಕೂ ಅಲ್ಲಿ ಜಾಗವಿದೆ. ನಮ್ಮ ಹೊಲ ತೋಟಗಳಲ್ಲಿಯೂ ಹಾಗೆಯೇ ಇರಲಿ.

ಅಭ್ಯಾಸಕ್ಕೆ

(ಅ) ನಿಮ್ಮ ಊರಿನಲ್ಲಿ ಮರ, ಹಾವು, ಹಕ್ಕಿಗಳ ಬಗ್ಗೆ ಇರುವ ಮೂರು ನಂಬಿಕೆಗಳನ್ನು ಬರೆಯಿರಿ. ಪ್ರತಿಯೊಂದೂ ಏನನ್ನು ಕಾಪಾಡುತ್ತದೆ ಎಂದು ಯೋಚಿಸಿ.

(ಆ) ಕಳೆದ ಹತ್ತು ವರ್ಷಗಳಲ್ಲಿ ನಿಮ್ಮ ತೋಟಕ್ಕೆ ಹೊಸದಾಗಿ ಬಂದ ಕೀಟ ಅಥವಾ ಕಳೆ ಯಾವುದು? ಅದು ಯಾವುದರ ಜೊತೆ ಬಂದಿರಬಹುದು?

(ಇ) ನಿಮ್ಮ ಬಾಲ್ಯದಲ್ಲಿ ಕಾಣುತ್ತಿದ್ದು ಈಗ ಕಾಣದ ಹಕ್ಕಿ ಯಾವುದು? ಅದು ಯಾವ ಮರದ ಹಣ್ಣು ತಿನ್ನುತ್ತಿತ್ತು?